ಹಾಲು ಸುರಿಯುವವಳ ಬೆನ್ನು

ಗಂಗಾವತಿಯ ಡ್ರಾಯಿಂಗ್ ಮಾಸ್ತರು ಖಾಜಾಹುಸೇನರು
ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ತಂದು
ಕಿನ್ನಾಳದ ನಮ್ಮ ಪಡಸಾಲೆಯಲ್ಲಿ ಬಿಚ್ಚಿದರು.
ಯಾವುದೋ ಚಳಿ ದೇಶದ ಅಡಿಗೆಮನೆ,
ಎಡಕ್ಕೊಂದು ಕಿಟಕಿ,
ಹಳದಿ ಕುಪ್ಪಸ, ಸೊಂಟಕ್ಕೆ ನೀಲಿ ಬಟ್ಟೆ,
ತಲೆಗೆ ಕೂಸಿನ ಕುಂಚಿಗಿಯಂಥ ಬಿಳಿ ಟೊಪ್ಪಿಗೆ.
ಹೆಣ್ಣುಮಗಳು ಹಾಲು ಸುರಿಯುತ್ತಿದ್ದಾಳೆ,
ಅಷ್ಟೇ.

"ಇದನ್ನ ಗೇಣುದ್ದ ಗೊಂಬಿ ಮಾಡಿಕೊಡ್ರಿ."

ಮಾವ ಹಾಳೆ ಮಗುಚಿ ನೋಡಿದ.
ಹಿಂದೆ ಆ ವರ್ಷದ ಸೂಟಿಗಳ ಪಟ್ಟಿ,
ಸಿಮೆಂಟ್ ಅಂಗಡಿಯ ಫೋನ್ ನಂಬರು.
"ಅಲ್ರೀ ಮಾಸ್ತರ,
ಈಕಿ ಬೆನ್ನು ಎಲ್ಲೈತಿ?"

ಮಾಸ್ತರು ನಕ್ಕರು. ಮಾವ ನಗಲಿಲ್ಲ.

ಪೊಲಕಿ ಕಟ್ಟಿಗೆ ಹಗುರ, ಹೇಳಿದಂತೆ ಕೇಳುತ್ತದೆ.
ಮೂರು ದಿನಕ್ಕೆ ಮೈ ಬಂತು, ತೋಳು ಬಂತು.
ಹುಣಸೆ ಬೀಜ ನೆನೆಸಿ ಅರೆದ ಅಂಟಿಗೆ
ಗೋಣಿನಾರಿನ ಪುಡಿ ಕಲಸಿ ಕಿಟ್ಟ ಹಚ್ಚಿದೆ.
ಬ್ರೆಡ್ಡಿನ ಮೇಲೆ ಬೆಳಕು ಚುಕ್ಕಿ ಚುಕ್ಕಿ ಬಿದ್ದಿತ್ತಲ್ಲ,
ಗಸಗಸೆ ಅಂಟಿಸಿದೆ. ಸಜ್ಜಿ ರೊಟ್ಟಿ ಆಯಿತು.
ಇರಲಿ ಬಿಡು, ಅಂದ ಮಾವ.

ಕಣ್ಣು ಮಾತ್ರ ಕೆಟ್ಟಿತು.
ಗರುಡನಿಗೆ, ಗೌರಿಗೆ ಬರೆದು ಬರೆದು ಪಳಗಿದ ಕೈ
ಇವಳಿಗೂ ಅರಳಿದ ಕಣ್ಣು ಬರೆದುಬಿಟ್ಟಿತು.
ದೇವಿಯಂತೆ ಎದುರು ನೋಡುತ್ತ ನಿಂತಳು,
ಕೈಯಲ್ಲಿ ಹಾಲಿನ ಗಡಿಗೆ.
"ಹಿಂಗ ನೋಡಿದ್ರ ಚೆಲ್ತಾಳ" ಅಂದೆ.
ಮಾವ ಬಿಳಿ ಬಳಿದು, ಒಣಗಿಸಿ,
ಅಳಿಲಿನ ಕೂದಲ ಕುಂಚದಿಂದ
ರೆಪ್ಪೆ ಇಳಿಸಿದ. ಒಂದೇ ಗೆರೆ.
ಎಪ್ಪತ್ತು ವರ್ಷದ ಕೈ
ನೆಲ ನೋಡುವುದನ್ನು ಆಗ ಕಲಿತಿತು.

ಹಾಲು ನನ್ನ ಪಾಲಿಗೆ ಬಂತು.
ತವರದ ತಂತಿಗೆ ಹತ್ತಿ ದಾರ ಸುತ್ತಿ ಕಿಟ್ಟ ಸವರಿದೆ.
ಎರಡು ಸಲ ಮುರಿಯಿತು. ಮೂರನೆಯದು ನಿಂತಿತು.
ನಿಂತಿತು ಅಂದರೆ,
ಹರಿಯಿತು.

ಉಳಿದದ್ದು ಬೆನ್ನು.
ನಾಕು ದಿನ ಗೊಂಬೆ ಹಲಗೆಯ ಮೇಲೆ
ಅರ್ಧ ಬಣ್ಣದ ಕಾಮಧೇನುವಿನ ಪಕ್ಕ
ಗೋಡೆಗೆ ಆತು ನಿಂತಿತ್ತು,
ನಾಚಿಕೊಂಡವರ ಹಾಗೆ.
ಐದನೆಯ ದಿನ ನೀರು ಕುಡಿಯಲು ಒಳಗೆ ಹೋದೆ.
ನೆಗೆಣ್ಣಿ ಹುಲಿಗೆಮ್ಮ ಒರಳ ಮುಂದೆ ಬಾಗಿ
ಬೀಜ ಅರೆಯುತ್ತಿದ್ದಳು.
ಎಡ ಭುಜ ಬಲಕ್ಕಿಂತ ಒಂದು ಬೆರಳು ಕೆಳಗೆ,
ಕುಪ್ಪಸದ ನಡುವೆ ಬೆವರಿನ ಗೆರೆ,
ಸೆರಗು ಸಿಕ್ಕಿಸಿದಲ್ಲಿ ಅವಸರದ ಗಂಟು.
ಹತ್ತೊಂಬತ್ತು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು.
ಅವಳ ಮುಖದ ಜೊತೆ ಜಗಳಾಡಿದ್ದೇನೆ,
ಬೆನ್ನನ್ನು ಅವತ್ತೇ ಕಂಡದ್ದು.

"ಹಂಗ ಇರು, ಅಲುಗಬ್ಯಾಡ."
"ಯಾಕ, ಚೇಳೈತೇನು?"
"ಇಲ್ಲ. ನಿನ್ನ ಬೆನ್ನು ಬೇಕು."
"ಯಾವ ಊರಿನಾಕಿಗೋ
ನನ್ನ ಬೆನ್ನು ಯಾಕವ್ವ?"
ಅಂದಳು. ಆದರೆ ಅಲುಗಲಿಲ್ಲ.

ಬೆಳಕು ಬಳಿಯಲು ಮಾವ ಬಿಡಲಿಲ್ಲ.
"ಅದು ತಾನಾಗೇ ಬರ್ತದ, ಅದಕ್ಯಾಕ ಬಣ್ಣ?"
ಬಂತು. ನಾಕೂವರೆಗೆ ಪಡುವಣ ಕಿಂಡಿಯಿಂದ
ಧೂಳಿನ ಜೊತೆ ಇಳಿದು
ಚಿತ್ರದಲ್ಲಿ ನೆರಳಾಗಿದ್ದ ಕೆನ್ನೆಯನ್ನು ಮುಟ್ಟಿತು.
ಎಂದೂ ಬೆಳಗಿನಲ್ಲೇ ಇದ್ದವಳಿಗೆ
ಕಿನ್ನಾಳದಲ್ಲಿ ಸಂಜೆಯಾಯಿತು.

ಮಾಸ್ತರು ಬಂದರು. ಹಾಳೆ ಪಕ್ಕಕ್ಕಿಟ್ಟು ನೋಡಿದರು,
ಕುಂಚಿಗಿ, ನೀಲಿ, ಹಾಲಿನ ಎಳೆ.
"ಅದೇ, ಅದೇ" ಅಂದರು. ಹಣ ಎಣಿಸಿದರು.
ತಿರುಗಿಸಿ ನೋಡಲಿಲ್ಲ.

ಗಾಜಿನ ಕಪಾಟಿನಲ್ಲಿಡುತ್ತಾರಂತೆ, ಗೋಡೆಗೆ ಒತ್ತಿ.

ಪೇಪರು ಸುತ್ತುತ್ತಿದ್ದೆ.
ಹುಲಿಗೆಮ್ಮ ಕೈ ಒರೆಸಿಕೊಳ್ಳುತ್ತ
ಬಾಗಿಲಿಗೆ ಬಂದು ನಿಂತಳು.
"ಹಿಂದಿನ ಕಡೀಗೆ
ಇನ್ನೊಂದು ಹಾಳಿ ಹೆಚ್ಚಿಗಿ ಸುತ್ತ" ಅಂದಳು.
"ಬಸ್ಸು ಕುಲುಕ್ತೈತಿ."